ಮಿಡಿ, ಹಪ್ಪಳ, ಹಳೆಯ ಫೋಟೊ: ಒಂದು ಬೇಸಿಗೆ ರಜೆಯ ಲೆಕ್ಕ

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಅಟ್ಟದ ಮೇಲೆ ಏನೇನಿದೆ ಎಂದು ಒಮ್ಮೆ ಎಣಿಸಿ ನೋಡುವುದು ಶಿರಸಿ ಕಡೆಯ ಮನೆಗಳ ರೂಢಿ. ಈ ಸಲದ ನನ್ನ ಎಣಿಕೆ ಹೀಗಿದೆ: ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿ) 800, ಹಲಸಿನ ಹಪ್ಪಳ 380, ಮುರುಗಲು (ಪುನರ್ಪುಳಿ) ಶರಬತ್ತು 6 ಬಾಟಲಿ, ಕೆಮ್ಮಣ್ಣು ಮೆತ್ತಿದ ಹಲಸಿನ ಬೇಳೆ ಒಂದು ಬುಟ್ಟಿ, ಹಳೆಯ ಫೋಟೊಗಳ ಪ್ರತಿ 312. ಇದರ ನಡುವೆ 11 ನೆಂಟರ ಮನೆ, 3 ತಿರುಗಾಟ.

ಬೆಂಗಳೂರಿನಲ್ಲಿ ಕೆಲಸ ಇಟ್ಟುಕೊಂಡು ಊರಿಗೆ ಬಂದುಹೋಗುವವರಿಗೆ ಇಷ್ಟು ಹೊಂದಬೇಕೆಂದರೆ ಲೆಕ್ಕ ಶುರುವಾಗಬೇಕಾದದ್ದು ಶಾಲೆಯ ರಜೆಯಿಂದಲ್ಲ, ಕಾಯಿಯಿಂದ ಮತ್ತು ಬಿಸಿಲಿನಿಂದ. ಮಿಡಿ ಒಂದು ದಿನವೂ ಕಾಯುವುದಿಲ್ಲ. ಹಲಸು ನಾಲ್ಕು ದಿನ ಕಾಯುತ್ತದೆ. ನೆಂಟರು ಒಂದು ವಾರ ಕಾಯುತ್ತಾರೆ. ಬನವಾಸಿಯಂತೂ ಕದಂಬರ ಕಾಲದಿಂದ ಅಲ್ಲೇ ಇದೆ. ಈ ಕ್ರಮ ತಲೆಕೆಳಗಾದರೆ, ಅಂದರೆ ಮೊದಲು ತಿರುಗಾಟ, ಆಮೇಲೆ ನೆಂಟರು, ಉಳಿದರೆ ಹಪ್ಪಳ ಎಂದುಕೊಂಡರೆ ಮೇ ಕೊನೆಗೆ ಅರ್ಧ ಒಣಗಿದ ಹಪ್ಪಳ ಮಾತ್ರ ಕೈಗೆ ಸಿಗುತ್ತದೆ.

ಹಾಗಾಗಿ ಮಳೆ ನಕ್ಷತ್ರಗಳನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿ, 27ರ ಹೊತ್ತಿಗೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಮಾತು ಬೇಸಾಯದವರಿಗೆ ಖುಷಿ ಕೊಡಬಹುದು. ಅಂಗಳದಲ್ಲಿ ಚಾಪೆ ಹಾಸಿದವರಿಗೆ ಅದೇ ಎಚ್ಚರಿಕೆ. ಒಣಗಿಸುವ ಕೆಲಸವೆಲ್ಲ ಕೃತ್ತಿಕೆ ಹುಟ್ಟುವ ಮೊದಲೇ ಮುಗಿಯಬೇಕು. ಆಮೇಲೆ ಬೆಳಿಗ್ಗೆ ಬಿಸಿಲು ಎಷ್ಟೇ ಚೆನ್ನಾಗಿದ್ದರೂ ಮಧ್ಯಾಹ್ನ ಮೂರಕ್ಕೆ ಗುಡುಗು ಗ್ಯಾರಂಟಿ.

ಮಿಡಿ

ಮಿಡಿಗೆ ರಜೆಯ ತನಕ ಕಾಯುವಂತಿಲ್ಲ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಅದರ ಕಥೆ ಮುಗಿದಿರುತ್ತದೆ. ಒಂದು ಶನಿವಾರ, ಭಾನುವಾರ ಅದಕ್ಕೆಂದೇ ಎತ್ತಿಡುತ್ತೇನೆ. ಮರ ಇರುವ ನೆಂಟರ ಮನೆಗೆ ವರ್ಷದ ಮೊದಲ ಭೇಟಿಯೂ ಅದೇ. ಅಘನಾಶಿನಿ, ವರದಾ, ಶರಾವತಿ, ಕಾಳಿ ಹೊಳೆಗಳ ದಂಡೆಯ ಕಾಡುಮಾವಿನ ಮಿಡಿಗೆ ಇರುವ ಪರಿಮಳ ತೋಟದ ಮಾವಿಗಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟದ ಅಪ್ಪೆ, ಜೀರಿಗೆ ಅಪ್ಪೆ ಎಂದು ಹೆಸರಾದ ಮರಗಳೇ ಇವೆ. ಈಗ ಇವುಗಳ ಕಸಿ ಗಿಡವೂ ಸಿಗುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತೂ ಸಿಕ್ಕಿದೆ.

ಕೊಳ್ಳುವವರು ನೋಡಬೇಕಾದದ್ದು ಮೂರು. ತೊಟ್ಟು ಮುರಿದು ಸೊನೆ ಮೂಸಿ: ಪರಿಮಳ ಮೂಗಿಗೆ ಹೊಡೆಯಬೇಕು. ಒಂದು ಮಿಡಿಯನ್ನು ಅಡ್ಡ ಕೊಯ್ಯಿರಿ: ಒಳಗಿನ ಗೊರಟು ಉಗುರಿಗೆ ಸಿಗುವಷ್ಟು ಎಳೆಯದಾಗಿರಬೇಕು, ಚಾಕು ತಡೆದರೆ ಅದು ಮಿಡಿಯಲ್ಲ, ಕಾಯಿ. ಮೂರನೆಯದು ಹೇಗೆ ಕೊಯ್ದದ್ದು ಎಂಬುದು, ನನ್ನ ಮಟ್ಟಿಗೆ ಇದೇ ಮುಖ್ಯ. ದೋಟಿಗೆ ಕೊಕ್ಕೆ, ಚೀಲ ಕಟ್ಟಿ ಗೊಂಚಲು ಗೊಂಚಲಾಗಿ ಇಳಿಸಿದ ಮಿಡಿ ವರ್ಷಗಟ್ಟಲೆ ಗಟ್ಟಿಯಾಗಿರುತ್ತದೆ. ಟೊಂಗೆ ಅಲ್ಲಾಡಿಸಿ ನೆಲಕ್ಕೆ ಉದುರಿಸಿದ್ದು ಹೊರಗಿನಿಂದ ನೋಡಲು ಅಷ್ಟೇ ಚೆಂದ. ಆದರೆ ಪೆಟ್ಟು ತಿಂದ ಜಾಗ ಉಪ್ಪಿನಲ್ಲಿ ಮೆತ್ತಗಾಗುತ್ತ ಹೋಗಿ, ಜೊತೆಯಲ್ಲಿರುವ ನೂರನ್ನೂ ಕೆಡಿಸುತ್ತದೆ. ಮಾರುವವರು ನೂರರ ಲೆಕ್ಕದಲ್ಲಿ ಕೊಡುತ್ತಾರೆ. ಎಣಿಸಿಕೊಳ್ಳುವಾಗಲೇ ತೊಟ್ಟಿಲ್ಲದ್ದನ್ನು, ಕಪ್ಪು ಚುಕ್ಕೆಯದನ್ನು ಬದಿಗಿಟ್ಟರೆ ಯಾರೂ ಬೇಸರಪಡುವುದಿಲ್ಲ. ಬದಿಗಿಟ್ಟದ್ದೂ ದಂಡವಲ್ಲ, ಅದೇ ದಿನ ಅಪ್ಪೆಹುಳಿ ಆಗುತ್ತದೆ.

ತರುವಾಗ ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಕೊಳೆಯುತ್ತದೆ. ಬುಟ್ಟಿಗೆ ಮಾವಿನ ಸೊಪ್ಪು ಹಾಸಿ ತನ್ನಿ. ಕೊಯ್ದ 24 ಗಂಟೆಯೊಳಗೆ ಉಪ್ಪಿಗೆ ಬೀಳಬೇಕು. ಕೈಗೆ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಕೂರುವುದು ಒಳ್ಳೆಯದು. ಸೊನೆ ಚರ್ಮ ಸುಡುತ್ತದೆ, ತುಟಿಯ ಪಕ್ಕ ತಾಗಿದರೆ ಕಲೆ ವಾರಗಟ್ಟಲೆ ಇರುತ್ತದೆ.

ತೊಳೆದು, ಬಟ್ಟೆಯ ಮೇಲೆ ಹರವಿ, ಒಂದೊಂದನ್ನೂ ಒರೆಸಿ ನೀರಿನ ಪಸೆ ಇಲ್ಲದಂತೆ ಮಾಡಿ. ತೊಟ್ಟನ್ನು ಕಾಲು ಇಂಚು ಉಳಿಸಿ ಮುರಿಯಬೇಕು. ಪೂರ್ತಿ ಕಿತ್ತರೆ ಸೊನೆ ಸೋರಿಹೋಗುತ್ತದೆ, ಸೊನೆ ಹೋದರೆ ಪರಿಮಳವೂ ಹೋಯಿತು. ಹಿಡಿದಿಟ್ಟುಕೊಳ್ಳಬೇಕಾದ ಅಳತೆ ಒಂದೇ: 1 ಕಿಲೋ ಮಿಡಿಗೆ 250 ಗ್ರಾಂ ಹರಳುಪ್ಪು. ಪುಡಿ ಉಪ್ಪು ತಳಕ್ಕೆ ಇಳಿದು ಗಟ್ಟಿಯಾಗಿ ಕೂರುತ್ತದೆ, ಮೇಲಿನ ಮಿಡಿಗೆ ಉಪ್ಪೇ ಸಿಗುವುದಿಲ್ಲ. ಭರಣಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಿಡಿ, ಕೊನೆಗೆ ಮೇಲೆ ದಪ್ಪ ಪದರ ಉಪ್ಪು. ಮರುದಿನದಿಂದ ದಿನಕ್ಕೊಮ್ಮೆ ಒಣ ಮರದ ಸೌಟಿನಿಂದ ಅಡಿಮೇಲು ಮಾಡಬೇಕು. ನಾಲ್ಕನೇ ದಿನಕ್ಕೆ ನೀರು ಬಿಡುತ್ತದೆ, ಹತ್ತರಿಂದ ಹದಿನೈದು ದಿನಕ್ಕೆ ಮಿಡಿ ಪೂರ್ತಿ ಸುಕ್ಕಾಗುತ್ತದೆ. ಸುಕ್ಕಾಗದೆ ನುಣ್ಣಗೆ ಉಳಿದದ್ದಿದ್ದರೆ ಉಪ್ಪು ಕಡಿಮೆಯಾಗಿದೆ ಎಂದೇ ಅರ್ಥ. ಇನ್ನೊಂದು ಹಿಡಿ ಹಾಕಿ, ಮೂರು ದಿನ ಬಿಡಿ.

ಬೆಂಗಳೂರಿಗೆ ಹಿಂತಿರುಗಬೇಕಾದವರಿಗೆ ಈ ಹದಿನೈದು ದಿನ ಅನುಕೂಲವೇ. ಭರಣಿ ಆಯಿಯ ಸುಪರ್ದಿಯಲ್ಲಿ ಇರುತ್ತದೆ, ಫೋನಿನಲ್ಲಿ ದಿನಾ ಒಂದು ಪ್ರಶ್ನೆ: 'ಕೈಯಾಡಿಸಿದ್ಯಾ?' ಮುಂದಿನ ಸಲ ಬಂದಾಗ ಮಸಾಲೆ.

ಮಿಡಿಯನ್ನು ಎತ್ತಿಟ್ಟು ಉಪ್ಪುನೀರನ್ನು ಹತ್ತು ನಿಮಿಷ ಕುದಿಸಿ, ಮೇಲೆ ಬರುವ ನೊರೆ ತೆಗೆದು, ಸೋಸಿ, ರಾತ್ರಿಯಿಡೀ ತಣಿಯಲು ಬಿಡುತ್ತೇನೆ. ಕುದಿಸಬಾರದು, ಪರಿಮಳ ಹೋಗುತ್ತದೆ ಎನ್ನುವವರೂ ಇದ್ದಾರೆ. ಪರಿಮಳ ಇರುವುದು ಮಿಡಿಯ ಒಳಗೆ, ನೀರಿನಲ್ಲಿ ಉಳಿಯುವುದು ಹುಳಿಹಿಡಿಸುವ ಸೂಕ್ಷ್ಮಜೀವಿ, ಆದ್ದರಿಂದ ನನ್ನ ಮತ ಕುದಿಸುವ ಕಡೆಗೆ. 1 ಕಿಲೋ ಮಿಡಿಗೆ ಬ್ಯಾಡಗಿ ಮೆಣಸು 100 ಗ್ರಾಂ, ಸಾಸಿವೆ 100 ಗ್ರಾಂ, ಅರಿಸಿನ ಪುಡಿ ಒಂದು ದೊಡ್ಡ ಚಮಚ. ಖಾರ ಬೇಕಾದವರು 25 ಗ್ರಾಂ ಗುಂಟೂರು ಸೇರಿಸಬಹುದು. ಬ್ಯಾಡಗಿ ಕೊಡುವುದು ಬಣ್ಣ, ಖಾರ ಅಷ್ಟಿಲ್ಲ. ಮೆಣಸು, ಸಾಸಿವೆ ಎರಡನ್ನೂ ಹುರಿಯದೆ ಒಂದು ದಿನ ಬಿಸಿಲಿಗಿಟ್ಟು, ತಣಿದ ಉಪ್ಪುನೀರು ಹಾಕಿ ನುಣ್ಣಗೆ ರುಬ್ಬುವುದು. ಮಿಕ್ಸಿಯಾದರೆ ಸ್ವಲ್ಪ ಸ್ವಲ್ಪವೇ ಹಾಕಿ, ಜಾರು ಬಿಸಿಯಾಗುವ ಮೊದಲೇ ನಿಲ್ಲಿಸಿ. ಬಿಸಿಯಾದರೆ ಸಾಸಿವೆ ಕಹಿ. ಜೀರಿಗೆ ಅಪ್ಪೆಗೆ ಇಂಗು ಹಾಕುವುದು ನನಗೆ ಒಪ್ಪಿಗೆಯಿಲ್ಲ, ಅದರ ಪರಿಮಳದ ಮೇಲೆ ಇನ್ನೊಂದು ಪರಿಮಳ ಯಾಕೆ?

ಮಸಾಲೆ ಬೆರೆಸಿ ಭರಣಿಗೆ ತುಂಬಿದ ಮೇಲೆ ಮಿಡಿ ಮುಳುಗಿ ಅರ್ಧ ಇಂಚು ರಸ ಮೇಲೆ ನಿಲ್ಲಬೇಕು. ಬಿಳಿ ಕೆನೆ ಕಟ್ಟುವುದಕ್ಕೆ ನೂರಕ್ಕೆ ತೊಂಬತ್ತು ಸಲ ಕಾರಣ ಮಿಡಿ ರಸದಿಂದ ಮೇಲೆ ತೇಲಿ ಗಾಳಿಗೆ ಸಿಕ್ಕಿದ್ದು. ರಸ ಕಡಿಮೆಯಿದ್ದರೆ ಒಂದು ಲೀಟರ್ ನೀರಿಗೆ 250 ಗ್ರಾಂ ಉಪ್ಪು ಹಾಕಿ ಕುದಿಸಿ ತಣಿಸಿ ಸುರಿಯಿರಿ, ಬರೀ ನೀರು ಬೇಡ. ಕಬ್ಬಿಣದ ಮುಚ್ಚಳ ತುಕ್ಕು ಹಿಡಿಯುತ್ತದೆ. ಪಿಂಗಾಣಿ ಮುಚ್ಚಳದ ಮೇಲೆ ಬಟ್ಟೆ ಕಟ್ಟಿದರೆ ಸಾಕು. ಒಂದು ತಿಂಗಳು ಮುಟ್ಟದಿದ್ದರೆ ಉಪ್ಪು, ಖಾರ, ಹುಳಿ ಹೊಂದಿಕೊಳ್ಳುತ್ತವೆ.

ಹೋಗಿಬರುವುದು

ರೈಲಿನಲ್ಲಿ ತಾಳಗುಪ್ಪಕ್ಕೆ ಇಳಿದು, ಅಲ್ಲಿಂದ ಸಿದ್ದಾಪುರದ ಮೇಲೆ ಶಿರಸಿಗೆ ಬಸ್ಸು. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹಾಗಾಗಿ ಏಪ್ರಿಲ್ 12ರ ಪ್ರಯಾಣಕ್ಕೆ ಫೆಬ್ರವರಿ ಎರಡನೇ ವಾರದಲ್ಲೇ ಬೆಳಿಗ್ಗೆ ಕೂರಬೇಕು. ತಪ್ಪಿದರೆ ತತ್ಕಾಲ್: ಹಿಂದಿನ ದಿನ ಎ.ಸಿ.ಗೆ 10 ಗಂಟೆಗೆ, ಸ್ಲೀಪರಿಗೆ 11ಕ್ಕೆ. ಊರೊಳಗೆ ನೆಂಟರ ಮನೆ ಸುತ್ತುವಾಗ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯ ಟಿಕೆಟ್. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಮಾತ್ರ ಕೈಯಲ್ಲಿರಬೇಕು. ಹಳ್ಳಿಯ ಬಸ್ಸಿಗೆ ವೇಳಾಪಟ್ಟಿಗಿಂತ ಆ ಊರಿನ ಅಂಗಡಿಯವರ ಮಾತೇ ನಂಬಿಕೆಯದು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಇಳಿದ ಕೂಡಲೇ ಕೇಳಿಡಿ.

ಹಿಂತಿರುಗುವಾಗ ಉಪ್ಪಿನಕಾಯಿಯನ್ನು ಗಾಜಿನ ಬಾಟಲಿಯಲ್ಲಿ ಒಯ್ಯುವ ಸಾಹಸ ಬೇಡ. ದಪ್ಪ ಪ್ಲಾಸ್ಟಿಕ್ ಡಬ್ಬಿ, ಮೇಲೆ ಎರಡು ಬೆರಳು ಖಾಲಿ, ಮುಚ್ಚಳದ ಕೆಳಗೆ ಒಂದು ತುಂಡು ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು. ಹೊಸ ಉಪ್ಪಿನಕಾಯಿ ಸ್ವಲ್ಪ ಗಾಳಿ ಬಿಡುತ್ತದೆ. ಬಾಯಿವರೆಗೆ ತುಂಬಿದ ಡಬ್ಬಿ ಬೆಳಗಾಗುವಷ್ಟರಲ್ಲಿ ಬಟ್ಟೆಯ ಚೀಲವನ್ನೆಲ್ಲ ಕೆಂಪು ಮಾಡಿರುತ್ತದೆ.

ನೆಂಟರ ಮನೆಯಲ್ಲಿ ಹಳೆಯ ಫೋಟೊ

ದಿನಕ್ಕೆ ಮೂರು ಮನೆ ಎಂದು ಲೆಕ್ಕ ಹಾಕಿದರೆ ಮೂರು ಕಡೆಯೂ ಆಸರಿಗೆ (ಬಂದವರಿಗೆ ಕೊಡುವ ಪಾನೀಯ) ಕುಡಿದು ಎದ್ದುಬರುವುದೇ ಆಗುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು, ರಾತ್ರಿ ಅಲ್ಲೇ ಉಳಿಯುವುದು ನನ್ನ ಕ್ರಮ. ಹಿಂದಿನ ದಿನ ಫೋನು ಮಾಡಿದಾಗ ಎರಡು ಮಾತು ಕೇಳುತ್ತೇನೆ: ಹಲಸಿನ ಕಾಯಿ ಬೆಳೆದಿದೆಯಾ, ಹಳೆಯ ಆಲ್ಬಂ ಎಲ್ಲಿದೆ. ಪೇಟೆಯ ಸಿಹಿ ಒಯ್ಯುವುದನ್ನು ಬಿಟ್ಟಿದ್ದೇನೆ. ಅದರ ಬದಲು ಮುಚ್ಚಳ ಭದ್ರವಾಗಿರುವ ಖಾಲಿ ಡಬ್ಬಿಗಳು, ಬ್ಯಾಡಗಿ ಮೆಣಸು, ಅಜ್ಜನ ಕಾಲದವರಿದ್ದರೆ ದೊಡ್ಡ ಅಂಕಿಯ ಗೋಡೆ ಗಡಿಯಾರ. ಈ ಮೂರನ್ನೂ ಯಾರೂ ಅಟ್ಟಕ್ಕೆ ಎಸೆಯುವುದಿಲ್ಲ.

ಫೋಟೊ ಪ್ರತಿ ತೆಗೆಯುವ ಹವ್ಯಾಸಕ್ಕೆ ಮಲೆನಾಡಿನಲ್ಲಿ ಬೇಸಿಗೆಯೇ ಸರಿಯಾದ ಕಾಲ. ಮಳೆಗಾಲದ ತಂಡಿಗೆ ಫೋಟೊದ ಮೇಲ್ಪದರ ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಆಗ ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಏಪ್ರಿಲ್‌ನಲ್ಲೂ ಅಂಟಿಕೊಂಡೇ ಇರುವುದಾದರೆ ತೆಗೆಯುವ ಗೋಜಿಗೇ ಹೋಗಬೇಡಿ, ಗಾಜಿನ ಮೇಲಿಂದಲೇ ತೆಗೆಯಿರಿ.

ಸ್ಕ್ಯಾನರು ಸಿಗುವುದಾದರೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ 600 ಡಿಪಿಐ ಸಾಕು. ಕಪ್ಪು ಬಿಳುಪನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಳದಿಗಟ್ಟಿದ ಕಲೆಯನ್ನು ಆಮೇಲೆ ಬೇರ್ಪಡಿಸಲು ಅದರಿಂದ ಸುಲಭ. ಹಳ್ಳಿಯ ಮನೆಯಲ್ಲಿ ಸ್ಕ್ಯಾನರು ಎಲ್ಲಿಂದ? ಫೋನಿನಲ್ಲೇ ಮಾಡುವುದಾದರೆ ಜಾಗ ಮುಖ್ಯ. ಜಗುಲಿಯಲ್ಲಿ ನೇರ ಬಿಸಿಲು ಬೀಳದ, ಒಂದೇ ಬದಿಯಿಂದ ಬೆಳಕು ಬರುವ ಕಡೆ ಕಪ್ಪು ಬಟ್ಟೆ ಹಾಸಿ ಫೋಟೊ ಇಡಿ. ಎರಡು ಕುರ್ಚಿಯ ನಡುವೆ ಹಲಗೆ ಇಟ್ಟು ಅದರ ಅಂಚಿನಿಂದ ಫೋನು ಕೆಳಮುಖ ಮಾಡಿದರೆ ಕೈ ನಡುಗುವ ಪ್ರಶ್ನೆಯೇ ಇಲ್ಲ. ಫ್ಲ್ಯಾಶ್ ಬಂದ್. ಮೂರು ಸೆಕೆಂಡಿನ ಟೈಮರ್ ಹಾಕಿ. ಫೋನು ತೀರ ಹತ್ತಿರ ತಂದರೆ ಅಂಚು ಬಾಗುತ್ತದೆ; ಒಂದು ಅಡಿ ಮೇಲಿಟ್ಟು ಎರಡು ಪಟ್ಟು ಝೂಮ್ ಮಾಡಿದರೆ ಚೌಕ ಚೌಕವಾಗಿಯೇ ಬರುತ್ತದೆ. ಗಾಜಿನ ಮೇಲಿಂದ ತೆಗೆಯುವಾಗ ನಿಮ್ಮದೇ ನೆರಳು ಕಂಡರೆ ಫೋನಿಗೆ ಕಪ್ಪು ರಟ್ಟು ಸುತ್ತಿ, ಕ್ಯಾಮೆರಾದಷ್ಟೇ ತೂತು ಬಿಡಿ.

ಎಂಬತ್ತು, ತೊಂಬತ್ತರ ದಶಕದ ಜಿಗುಟು ಹಾಳೆಯ ಆಲ್ಬಂಗಳು ಎಲ್ಲಕ್ಕಿಂತ ಕಷ್ಟದವು. ಮೂಲೆ ಹಿಡಿದು ಎಬ್ಬಿಸಿದರೆ ಫೋಟೊ ಬಾಗಿ ಬಿರುಕು ಬಿಡುತ್ತದೆ. ಹಲ್ಲು ಸ್ವಚ್ಛ ಮಾಡುವ ದಾರವನ್ನು ಫೋಟೊದ ಅಡಿಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ನಿಧಾನವಾಗಿ ಎಳೆದರೆ ಬಿಡಿಸಿಕೊಳ್ಳುತ್ತದೆ. ಬೂಷ್ಟು ಬಂದ ಫೋಟೊವನ್ನು ಒದ್ದೆ ಬಟ್ಟೆಯಿಂದ ಒರೆಸಲೇಬಾರದು, ಚಿತ್ರವೇ ಕಿತ್ತುಬರುತ್ತದೆ. ನೆರಳಿನಲ್ಲಿ ಒಣಗಿಸಿ ಮೆತ್ತನೆಯ ಕುಂಚದಿಂದ ಉದುರಿಸಿ.

ಪ್ರತಿ ತೆಗೆದದ್ದಕ್ಕಿಂತ ಹೆಚ್ಚಿನ ಬೆಲೆ ಹೆಸರಿಗಿದೆ. ಮದುವೆಯ ಗುಂಪುಚಿತ್ರದಲ್ಲಿ ಎಡದಿಂದ ನಾಲ್ಕನೆಯವರು ಯಾರು ಎಂದು ಹೇಳಬಲ್ಲವರು ಪ್ರತಿ ಮನೆಯಲ್ಲೂ ಒಬ್ಬರೋ ಇಬ್ಬರೋ. 'ಹಳೆಯ ಕಾಲದ್ದು ಹೇಳಿ ದೊಡ್ಡಾಯಿ' ಎಂದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಫೋಟೊ ಕೈಗೆ ಕೊಟ್ಟು 'ಈ ಸೀರೆ ಯಾರದ್ದು, ಈ ಮನೆ ಯಾವ ಊರಲ್ಲಿತ್ತು' ಎಂದು ಕೇಳಿ ನೋಡಿ, ಮಾತು ನಿಲ್ಲುವುದಿಲ್ಲ. ಅದನ್ನು ಫೋನಿನಲ್ಲೇ ರೆಕಾರ್ಡ್ ಮಾಡುವಾಗ ಏರೋಪ್ಲೇನ್ ಮೋಡ್ ಹಾಕಿ, ಫ್ಯಾನು ನಿಲ್ಲಿಸಿ, ಮಾತಾಡುವವರಿಂದ ಒಂದು ಮೊಳ ದೂರದಲ್ಲಿ ಮಡಿಸಿದ ಟವೆಲ್ ಮೇಲೆ ಫೋನು ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೆಲ್ಲ ಗುಡುಗಿನ ಹಾಗೆ ಬರುತ್ತದೆ. ಮೊದಲು ದಿನಾಂಕ, ಊರು, ಯಾರು ಮಾತಾಡುತ್ತಿದ್ದಾರೆ ಎಂದು ನೀವೇ ಹೇಳಿ ಶುರು ಮಾಡಿದರೆ ಹತ್ತು ವರ್ಷದ ಮೇಲೂ ಗೊಂದಲವಿಲ್ಲ.

ಮೂಲ ಫೋಟೊದ ಹಿಂದೆ ಬರೆಯುವುದಾದರೆ 2ಬಿ ಪೆನ್ಸಿಲ್ಲಿನಿಂದ, ಒತ್ತದೆ. ಬಾಲ್ ಪೆನ್ನಿನ ಗೀರು ಮುಂದಿನ ಬದಿಗೆ ಮೂಡುತ್ತದೆ. ಫೈಲಿನ ಹೆಸರಿಗೆ ನಾನು ಇಟ್ಟುಕೊಂಡ ಕ್ರಮ: ವರ್ಷ, ಊರು, ಸಂದರ್ಭ, ಎಡದಿಂದ ಹೆಸರುಗಳು. ವರ್ಷ ಖಚಿತವಿಲ್ಲದಿದ್ದರೆ '1970ರ ದಶಕ' ಎಂದರೂ ಆದೀತು. ಊಹೆಯ ವರ್ಷ ಒಮ್ಮೆ ಬರೆದರೆ ಮುಂದೆ ಅದೇ ಇತಿಹಾಸವಾಗುತ್ತದೆ. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಗಾತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಆಲ್ಬಂ ಆ ಮನೆಯಿಂದ ಹೊರಗೆ ಒಯ್ಯುವುದಿಲ್ಲ ಎನ್ನುವುದು ಮಾತ್ರ ಮುರಿಯದ ನಿಯಮ. ನಾಳೆ ಕೊಡುತ್ತೇನೆ ಎಂದು ಒಯ್ದ ಆಲ್ಬಂಗಳಿಂದಲೇ ಎಷ್ಟೋ ಮನೆಗಳ ನಡುವೆ ಮಾತು ನಿಂತಿದೆ.

ಹಲಸಿನ ಹಪ್ಪಳ

ಹಪ್ಪಳಕ್ಕೆ ಬೇಕಾದದ್ದು ಪೂರ್ತಿ ಬೆಳೆದ, ಆದರೆ ಹಣ್ಣಿನ ಕಡೆ ತಿರುಗದ ಕಾಯಿ. ಮುಳ್ಳು ಅಗಲವಾಗಿ ಬಿಡಿಸಿಕೊಂಡಿರಬೇಕು, ತಟ್ಟಿದರೆ ಇನ್ನೂ ಗಟ್ಟಿ ಸದ್ದು ಬರಬೇಕು, ಕೊಯ್ದು ನೋಡಿದರೆ ಸೊಳೆ ಬಿಳಿಯಿಂದ ತಿಳಿ ಹಳದಿಗೆ ಹೊರಳುತ್ತಿರಬೇಕು. ಎಳೆಯ ಕಾಯಿಯಾದರೆ ಹಿಟ್ಟಿಗೆ ಅಂಟು ಸಾಲದೆ ಒತ್ತುವಾಗ ಅಂಚು ಒಡೆಯುತ್ತದೆ. ಸಿಹಿ ಬಂದ ಕಾಯಿಯಾದರೆ ಕರಿಯುವಾಗ ಸಕ್ಕರೆ ಸೀದು ಹಪ್ಪಳ ಕಪ್ಪಾಗುತ್ತದೆ. ಬಕ್ಕೆ ಜಾತಿಯ ಕಾಯಿ ಸಿಕ್ಕಿದರೆ ಬಿಡಿಸುವುದು ಸಲೀಸು.

ಚಾಕುವಿಗೆ, ಕೈಗೆ, ಹಾಸಿದ ಕಾಗದಕ್ಕೂ ಎಣ್ಣೆ. ಕೊಚ್ಚಿದ ಕೂಡಲೇ ಒಸರುವ ಮೇಣವನ್ನು ಹಲಸಿನ ಎಲೆಯಿಂದಲೇ ಒರೆಸಿ ತೆಗೆಯಬೇಕು. ಸೊಳೆಯಿಂದ ಬೇಳೆ, ಬೇಳೆಯ ಮೇಲಿನ ಪೊರೆ, ಸಾರೆ (ಸೊಳೆಯ ಸುತ್ತಲಿನ ನಾರು) ಎಲ್ಲ ಬೇರ್ಪಡಿಸಿ. ಒಂದು ಎಳೆ ಸಾರೆ ಉಳಿದರೂ ಹಪ್ಪಳದಲ್ಲಿ ದಾರದ ಹಾಗೆ ಸಿಗುತ್ತದೆ. 8ರಿಂದ 10 ಕಿಲೋ ತೂಗುವ ಒಂದು ಕಾಯಿಗೆ ಸುಮಾರು 3 ಕಿಲೋ ಸೊಳೆ, ಅದರಿಂದ 90ರಿಂದ 100 ಹಪ್ಪಳ. ಹಾಗಾಗಿ ನಾಲ್ಕು ಕೈಗಳಿಗೆ ದಿನಕ್ಕೆ ಒಂದೇ ಕಾಯಿ. ಎರಡನ್ನು ಕೊಯ್ದರೆ ಸಂಜೆಗೆ ಒತ್ತದೆ ಉಳಿದ ಹಿಟ್ಟು ಹುಳಿಯುತ್ತದೆ. ಮನೆಗೆ ನೆಂಟರು ಬಂದ ದಿನವೇ ಕಾಯಿ ಇಳಿಸುವುದು ಇದಕ್ಕೇ.

ಸೊಳೆಯನ್ನು ನೀರಿನಲ್ಲಿ ಬೇಯಿಸಬಾರದು, ಆವಿಯಲ್ಲೇ ಬೇಯಬೇಕು. ಇಡ್ಲಿ ಪಾತ್ರೆಯಲ್ಲಿ 20ರಿಂದ 25 ನಿಮಿಷ; ಬೆರಳಿನಿಂದ ಹಿಸುಕಿದರೆ ಗಂಟಿಲ್ಲದೆ ಮುದ್ದೆಯಾಗಬೇಕು. ಮುಚ್ಚಳದ ಕೆಳಗೆ ಬಟ್ಟೆ ಕಟ್ಟಿ, ಇಲ್ಲವಾದರೆ ಆವಿಯ ಹನಿ ಸೊಳೆಗೆ ಬಿದ್ದು ಹಿಟ್ಟು ಸಡಿಲವಾಗುತ್ತದೆ. ಸಡಿಲವಾದ ಹಿಟ್ಟಿಗೆ ಅಕ್ಕಿಹಿಟ್ಟು ಸೇರಿಸುವವರಿದ್ದಾರೆ, ಕರಿದಾಗ ಗಟ್ಟಿಯಾಗುತ್ತದೆ. ಅದಕ್ಕಿಂತ ಹತ್ತು ನಿಮಿಷ ಬಿಸಿಲಿಗೆ ಹರವಿ ಆರಿಸುವುದೇ ಲೇಸು.

ಬಿಸಿಯಿರುವಾಗಲೇ ಒರಳಿನಲ್ಲಿ ಕುಟ್ಟಬೇಕು, ತಣಿದರೆ ಗಂಟು ಒಡೆಯುವುದಿಲ್ಲ. 1 ಕಿಲೋ ಬೆಂದ ಸೊಳೆಗೆ 12 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಎರಡು ಚಹಾ ಚಮಚ. ಜೊತೆಗೆ 10 ಒಣಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ, ಚಿಟಿಕೆ ಇಂಗು, ನೀರು ಹಾಕದೆ ಪುಡಿ ಮಾಡಿದ್ದು. ಹಿಟ್ಟು ಬಾಯಿಗೆ ಹಾಕಿ ನೋಡಿದಾಗ ಉಪ್ಪು ಸಪ್ಪೆ ಅನ್ನಿಸಬೇಕು. ಸರಿ ಅನ್ನಿಸಿದರೆ ಹೆಚ್ಚಾಗಿದೆ ಎಂದೇ ಲೆಕ್ಕ, ಯಾಕೆಂದರೆ ಒಣಗಿದ ಮೇಲೆ ತೂಕ ಮೂರನೇ ಒಂದಕ್ಕೆ ಇಳಿಯುತ್ತದೆ, ಉಪ್ಪು ಅಷ್ಟೇ ಇರುತ್ತದೆ.

ಲಿಂಬೆ ಗಾತ್ರದ ಉಂಡೆ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಅಥವಾ ಬಾಳೆಲೆಯ ನಡುವೆ ಇಟ್ಟು ಮಣೆಯಿಂದ ಒತ್ತುವುದು. ಅಂಗೈ ಅಗಲ, ಎಲ್ಲ ಕಡೆ ಒಂದೇ ದಪ್ಪ. ನಡುವೆ ದಪ್ಪ, ಅಂಚು ತೆಳುವಾದರೆ ಅಂಚು ಒಣಗಿ ಎದ್ದು ದೋಣಿಯಾಗುತ್ತದೆ. ಎಣ್ಣೆ ತೀರ ಹೆಚ್ಚು ಸವರಿದರೆ ಮಳೆಗಾಲದ ನಡುವೆ ಕಮಟು ವಾಸನೆ ಬರುತ್ತದೆ, ಆದ್ದರಿಂದ ಹತ್ತು ಹಪ್ಪಳಕ್ಕೊಮ್ಮೆ ಒಂದು ಹನಿ ಸಾಕು. ಮಕ್ಕಳಿಗೆ ಒತ್ತುವ ಕೆಲಸ ಕೊಡಿ, ಉಂಡೆ ಮಾಡುವುದು ಬೇಡ. ಅರ್ಧ ಉಂಡೆ ಹೊಟ್ಟೆಗೇ ಹೋಗುತ್ತದೆ.

ಚಾಪೆಯ ಮೇಲೆ ಬೆಳಿಗ್ಗೆ 9ರಿಂದ ಒಣಗಲು ಹಾಕಿ, ಮಧ್ಯಾಹ್ನ ಮೇಲ್ಮೈ ಕೈಗೆ ಅಂಟದಿದ್ದರೆ ಮಗುಚಿ. ಭರಣಿ ಮಳೆ ಹುಟ್ಟಿದ ಮೇಲೆ ಎರಡೂವರೆಗೆ ಆಕಾಶ ನೋಡದೆಯೇ ಒಳಗೆ ತರುತ್ತೇನೆ. ಮೋಡ ಕಂಡ ಮೇಲೆ ಓಡಿದರೆ ಅರ್ಧ ಹಪ್ಪಳಕ್ಕೆ ಹನಿ ಬಿದ್ದಿರುತ್ತದೆ, ಹನಿ ಬಿದ್ದ ಜಾಗದಲ್ಲಿ ಬೂಷ್ಟು ಖಂಡಿತ. ಎರಡು ಮೂರು ದಿನದ ಗಟ್ಟಿ ಬಿಸಿಲಿಗೆ ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಇನ್ನೂ ಒಂದು ದಿನ. ಬಿಸಿಯಿರುವಾಗಲೇ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರುತ್ತದೆ. ನೆರಳಲ್ಲಿ ಒಂದು ಗಂಟೆ ಆರಿಸಿ, ಇಪ್ಪತ್ತೈದರ ಕಟ್ಟು ಮಾಡಿ, ತಗಡಿನ ಡಬ್ಬಿ. ಕರಿಯಲು ಕೊಬ್ಬರಿ ಎಣ್ಣೆ, ಉರಿ ನಡುವಣದ್ದು.

ಬಿಡಿಸಿಟ್ಟ ಬೇಳೆಗಳನ್ನು ಎರಡು ದಿನ ನೆರಳಲ್ಲಿ ಒಣಗಿಸಿ, ಕೆಮ್ಮಣ್ಣಿನ ರಾಡಿಯಲ್ಲಿ ಹೊರಳಿಸಿ ಮತ್ತೆ ಒಣಗಿಸಿದರೆ ಮೊಳಕೆ ಬರದೆ, ಹುಳು ಹಿಡಿಯದೆ ಆಷಾಢದ ಸಾರಿಗೆ ಒದಗುತ್ತವೆ.

ಮುರುಗಲಿನದ್ದು ಚಿಕ್ಕ ಕೆಲಸ. ಕೆಂಪಗೆ ಹಣ್ಣಾದದ್ದನ್ನು ಒಡೆದು ಬೀಜ ತೆಗೆದು, 1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ ಪದರ ಪದರವಾಗಿ ಗಾಜಿನ ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ಏಳೆಂಟು ದಿನ ಬಿಸಿಲಿಗಿಟ್ಟು ಸೋಸಿದರೆ ಶರಬತ್ತಿನ ಪಾಕ. ಸಕ್ಕರೆ ಕಡಿಮೆ ಮಾಡುವ ಆಸೆ ಬೇಡ, ಹುದುಗು ಬರುತ್ತದೆ. ಅಲ್ಯುಮಿನಿಯಂ ಪಾತ್ರೆಯೂ ಬೇಡ.

ತಿರುಗಾಟ

ಹಪ್ಪಳ ಚಾಪೆಯ ಮೇಲಿರುವ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು, ಆದ್ದರಿಂದ ತಿರುಗಾಟವೆಲ್ಲ ಬೆಳಿಗ್ಗೆ ಆರಕ್ಕೆ ಹೊರಟು ಊಟದ ಹೊತ್ತಿಗೆ ಮರಳುವಷ್ಟೇ ದೂರ.

ಸಹಸ್ರಲಿಂಗಕ್ಕೆ ಬೇಸಿಗೆಯೇ ಸರಿ. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆ ಸೋದೆಯ ಅರಸರ ಕಾಲದಲ್ಲಿ ಕೆತ್ತಿದ ಲಿಂಗಗಳು ನೀರಿಳಿದಾಗ ಮಾತ್ರ ಪೂರ್ತಿ ಕಾಣುತ್ತವೆ. ಪಾಚಿ ಹಿಡಿದ ಬಂಡೆಗೆ ಬರಿಗಾಲೇ ಮೇಲು, ರಬ್ಬರ್ ಚಪ್ಪಲಿ ಜಾರುತ್ತದೆ. ನೀರು ನಿಂತ ಹಾಗೆ ಕಾಣುವ ಗುಂಡಿಗಳ ಆಳ ಮೇಲಿಂದ ತಿಳಿಯುವುದಿಲ್ಲ, ಮಕ್ಕಳನ್ನು ಇಳಿಸಬೇಡಿ. ಬನವಾಸಿಯ ಮಧುಕೇಶ್ವರನಲ್ಲಿ ತೊಂದರೆ ಬೇರೆ: ಹತ್ತು ಗಂಟೆಯ ಮೇಲೆ ಹೊರ ಅಂಗಳದ ಕಲ್ಲುಹಾಸು ಅಂಗಾಲು ಸುಡುತ್ತದೆ. ಏಳೂವರೆಗೆ ಅಲ್ಲಿದ್ದರೆ ಒಳಗಿನ ಕಂಬಗಳ ಕಡೆಸಲು ಕೆಲಸದ ಮೇಲೆ ಓರೆ ಬೆಳಕೂ ಸಿಗುತ್ತದೆ.

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಎನ್ನುವ ಮಾತು ರಸ್ತೆಯಾದ ಮೇಲೆ ಸವಕಲಾಗಿದೆ. ಆದರೂ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ನಿಲ್ಲುವಾಗ ತಲೆ ಎತ್ತಿ ನೋಡಬೇಕಾದದ್ದು ಹೆಜ್ಜೇನಿನ ತೊಟ್ಟಿಗಳನ್ನು. ಸೆಂಟು, ಹೊಗೆ, ಕೂಗಾಟ ಮೂರೂ ಬೇಡ. ಜೇನು ಎದ್ದರೆ ಕೈಬೀಸದೆ ಮುಖ ಮುಚ್ಚಿಕೊಂಡು ಓಡುವುದೊಂದೇ ದಾರಿ.

ಕಾಡಿನ ದಾರಿಗೆ ಇನ್ನೊಂದು ಎಚ್ಚರಿಕೆ ಮಂಗನ ಕಾಯಿಲೆಯದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು (ಉಣ್ಣಿ) ಕಚ್ಚಿ ಹರಡುತ್ತದೆ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ, ಮೈಗೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೀಪಾ ಎಣ್ಣೆ. ತರಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತುಬಿದ್ದಿದೆ ಎಂಬ ಸುದ್ದಿಯಿರುವ ಕಡೆ ಆ ವರ್ಷ ಕಾಲಿಡುವುದೇ ಬೇಡ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಕುದಿನೀರಿಗೆ, ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂಬದಿ ನೋಡಿಕೊಳ್ಳುವುದು. ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಜೋಗವನ್ನು ಪಟ್ಟಿಯಿಂದ ತೆಗೆದಿದ್ದೇನೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಮೇ ತಿಂಗಳಲ್ಲಿ ಅಲ್ಲಿ ನೋಡಲು ಸಿಗುವುದು 253 ಮೀಟರ್ ಬಂಡೆ, ನಾಲ್ಕು ಸಣ್ಣ ಗೆರೆಯಂಥ ನೀರು. ದೂರದಿಂದ ಬಂದ ನೆಂಟರು ಹಟ ಹಿಡಿದರೆ ಆಗಸ್ಟಿಗೆ ಕರೆಯುತ್ತೇನೆ. ಆಗ ಅಟ್ಟದಲ್ಲಿ ಮಿಡಿಯೂ ಹದಕ್ಕೆ ಬಂದಿರುತ್ತದೆ, ಕರಿಯಲು ಹಪ್ಪಳವೂ ಇರುತ್ತದೆ.